ಸವೆದ ಹಲ್ಲು ಮತ್ತು ಡಾಕ್ಟರ್ ಮ್ಯಾಂಟೆಲ್

ಮಕ್ಕಳೇ, ಡೈನೋಸಾರ್ ಎಂಬ ಹೆಸರು ಕೇಳದವರು ನಮ್ಮ ಶಾಲೆಯಲ್ಲಿ ಯಾರೂ ಇಲ್ಲ. ಒಂದನೇ ತರಗತಿಯವರೂ ಅದರ ಚಿತ್ರ ಬರೆದು ಬಾಯಿಗೆ ಕೆಂಪು ಬಣ್ಣ ಬಳಿಯುತ್ತಾರೆ. ಆದರೆ ಇನ್ನೂರು ವರ್ಷದ ಹಿಂದೆ ಆ ಹೆಸರೇ ಹುಟ್ಟಿರಲಿಲ್ಲ. ಅಂಥ ಪ್ರಾಣಿಗಳು ಭೂಮಿಯ ಮೇಲೆ ಇದ್ದವು ಅಂತ ದೊಡ್ಡ ದೊಡ್ಡ ಪಂಡಿತರಿಗೂ ಗೊತ್ತಿರಲಿಲ್ಲ. ಅದನ್ನು ಮೊದಮೊದಲು ಕಂಡುಹಿಡಿದವರಲ್ಲಿ ಒಬ್ಬರು, ಕುದುರೆ ಏರಿ ಹಳ್ಳಿ ಹಳ್ಳಿ ಸುತ್ತಿ ಔಷಧಿ ಕೊಡುತ್ತಿದ್ದ ಒಬ್ಬ ಡಾಕ್ಟರು. ಹೆಸರು ಗಿಡಿಯನ್ ಮ್ಯಾಂಟೆಲ್. ಈ ಸಲ ಅವರ ಜೀವನವನ್ನು ತಿಳಿಯೋಣ.

ಗಿಡಿಯನ್ ಹುಟ್ಟಿದ್ದು 1790ರ ಫೆಬ್ರವರಿ 3ರಂದು, ಇಂಗ್ಲೆಂಡಿನ ದಕ್ಷಿಣ ಭಾಗದಲ್ಲಿರುವ ಲೂಯಿಸ್ ಎಂಬ ಸಣ್ಣ ಊರಿನಲ್ಲಿ. ತಂದೆಯದು ಬೂಟು ಹೊಲಿಯುವ ಕಸುಬು. ಮನೆಯವರು ಆ ದೇಶದ ಸರ್ಕಾರ ಒಪ್ಪಿದ ಚರ್ಚನ್ನು ಬಿಟ್ಟು ಮೆಥಡಿಸ್ಟ್ ಎಂಬ ಬೇರೆ ಪಂಥಕ್ಕೆ ಸೇರಿದ್ದರು. ಅದಕ್ಕಾಗಿ ಊರಿನ ದೊಡ್ಡ ಶಾಲೆಯಲ್ಲಿ ಹುಡುಗನಿಗೆ ಜಾಗ ಸಿಗಲಿಲ್ಲ. ಒಬ್ಬ ಮುದುಕಿ ತನ್ನ ಮನೆಯಲ್ಲೇ ನಡೆಸುತ್ತಿದ್ದ ಶಾಲೆಯಲ್ಲಿ ಅಕ್ಷರ ಕಲಿತ. ಊರಿನ ಸುತ್ತ ಬಿಳಿ ಕಲ್ಲಿನ ಗುಡ್ಡಗಳು. ನಾವು ಬೋರ್ಡಿನ ಮೇಲೆ ಬರೆಯುತ್ತೇವಲ್ಲ, ಅಂಥ ಸೀಮೆಸುಣ್ಣದ ಗುಡ್ಡಗಳು! ಅಲ್ಲಿ ಹುಡುಗನಿಗೆ ಸುರುಳಿ ಸುತ್ತಿದ ಕಲ್ಲಿನ ಚಿಪ್ಪುಗಳು ಸಿಗುತ್ತಿದ್ದವು. ಇವು ಬಹಳ ಹಿಂದೆ ಸಮುದ್ರದಲ್ಲಿದ್ದ ಅಮ್ಮೊನೈಟ್ ಎಂಬ ಜೀವಿಯ ಪಳೆಯುಳಿಕೆಗಳು. (ನಮ್ಮ ಮನೆಗಳಲ್ಲಿ ಪೂಜೆಗಿಡುವ ಗಂಡಕಿ ನದಿಯ ಸಾಲಿಗ್ರಾಮದೊಳಗೆ ಕಾಣುವ ಸುರುಳಿಯೂ ಇದೇ ಜಾತಿಯದು.) ಅಂದಿನಿಂದ ಹಿಡಿದ ಕಲ್ಲಿನ ಹುಚ್ಚು ಸಾಯುವವರೆಗೂ ಬಿಡಲಿಲ್ಲ.

15ನೇ ವಯಸ್ಸಿಗೆ ಊರಿನ ಡಾಕ್ಟರ್ ಒಬ್ಬರ ಕೈಕೆಳಗೆ ಕೆಲಸ ಕಲಿಯಲು ಸೇರಿಸಿದರು. ಬಾಟಲಿ ತೊಳೆಯುವುದು, ಮಾತ್ರೆ ಉಂಡೆ ಕಟ್ಟುವುದು, ಔಷಧಿಯನ್ನು ಮನೆಮನೆಗೆ ಮುಟ್ಟಿಸುವುದು, ಲೆಕ್ಕ ಬರೆಯುವುದು, ರೋಗಿಗಳ ಹಲ್ಲು ಕೀಳುವುದು, ಎಲ್ಲಾ ಅವನ ಪಾಲಿಗೆ. ಎರಡು ವರ್ಷದಲ್ಲಿ ತಂದೆ ತೀರಿಕೊಂಡರು. ಆಮೇಲೆ ಲಂಡನ್ನಿಗೆ ಹೋಗಿ ಓದಿ, 1811ರಲ್ಲಿ ಡಾಕ್ಟರಾಗಿ ಲೂಯಿಸ್‌ಗೇ ಮರಳಿದ.

ಇನ್ನು ಮುಂದೆ ಅವರು ಅಂತಲೇ ಬರೆಯಬೇಕು, ಊರಿನವರಿಗೆಲ್ಲ ಬೇಕಾದ ಡಾಕ್ಟರಾದರು. ಕಾಲರಾ, ಸಿಡುಬು, ವಿಷಮಶೀತ ಜ್ವರ ಬಂದಾಗ ದಿನಕ್ಕೆ 50 ರೋಗಿಗಳನ್ನು ನೋಡಿದ್ದೂ ಉಂಟು. ವರ್ಷಕ್ಕೆ ಇನ್ನೂರು ಮುನ್ನೂರು ಹೆರಿಗೆ ಮಾಡಿಸುತ್ತಿದ್ದರು. ಇಷ್ಟೆಲ್ಲ ಮುಗಿಸಿ ರಾತ್ರಿ ದೀಪ ಹಚ್ಚಿಕೊಂಡು ಕುಳಿತು, ಕಲ್ಲಿನೊಳಗಿಂದ ಮೂಳೆಗಳನ್ನು ಉಳಿಯಿಂದ ಬಿಡಿಸುವರು. ಕಕ್‌ಫೀಲ್ಡ್ ಎಂಬ ಹಳ್ಳಿಯ ಹತ್ತಿರ ಒಂದು ಕಲ್ಲುಗಣಿ ಇತ್ತು. ಮೂಳೆ ಸಿಕ್ಕರೆ ಒಡೆಯದೆ ತೆಗೆದಿಡಿ ಎಂದು ಅಲ್ಲಿನ ಕೆಲಸಗಾರರಿಗೆ ಹೇಳಿ, ಅದಕ್ಕೆ ದುಡ್ಡು ಕೊಡುತ್ತಿದ್ದರು.

ಈಗ ಹಲ್ಲಿನ ಕಥೆ. ಒಂದು ದಿನ ಡಾಕ್ಟರು ಯಾವುದೋ ಮನೆಯಲ್ಲಿ ರೋಗಿಯನ್ನು ನೋಡುತ್ತಿದ್ದಾಗ ಅವರ ಹೆಂಡತಿ ಮೇರಿ ಆನ್ ಹೊರಗೆ ಅಡ್ಡಾಡುತ್ತಿದ್ದರಂತೆ. ರಸ್ತೆ ರಿಪೇರಿಗೆ ಸುರಿದಿದ್ದ ಕಲ್ಲಿನ ರಾಶಿಯಲ್ಲಿ ಕಂದು ಬಣ್ಣದ, ಹೊಳೆಯುವ ಒಂದು ಹಲ್ಲು ಕಂಡಿತಂತೆ. ಎಷ್ಟೋ ಪುಸ್ತಕಗಳಲ್ಲಿ ಹೀಗೇ ಇದೆ, ಕೇಳಲೂ ಚೆನ್ನಾಗಿದೆ. ಆದರೆ ಪೂರ್ತಿ ನಂಬುವ ಹಾಗಿಲ್ಲ. ಅಂಥ ಹಲ್ಲುಗಳು ಅದಕ್ಕೂ ಮೊದಲೇ ಮ್ಯಾಂಟೆಲರ ಹತ್ತಿರ ಇದ್ದವೆಂದು ಅವರ ಟಿಪ್ಪಣಿಗಳಿಂದ ತಿಳಿಯುತ್ತದೆ. ಮುಪ್ಪಿನಲ್ಲಿ ಅವರು, ಹಲ್ಲು ತನಗೇ ಸಿಕ್ಕಿದ್ದು ಅಂತಲೂ ಬರೆದರು. ಹಾಗಂತ ಮೇರಿ ಆನ್ ಸುಮ್ಮನೆ ಕೂತಿದ್ದರು ಅಂತಲ್ಲ. 1822ರಲ್ಲಿ ಗಂಡ ಪಳೆಯುಳಿಕೆಗಳ ಮೇಲೆ ದೊಡ್ಡ ಪುಸ್ತಕ ಬರೆದಾಗ, ಅದರ ಚಿತ್ರಗಳನ್ನು ಅಚ್ಚಿಗಾಗಿ ಕೆತ್ತಿಕೊಟ್ಟವರು ಆಕೆಯೇ.

ಹಲ್ಲು ಯಾರಿಗಾದರೂ ಸಿಗಲಿ, ಅದನ್ನು ಓದುವುದು ಮುಖ್ಯ. ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತಾರಲ್ಲ, ಏಕೆ? ಹಲ್ಲು ಸುಳ್ಳು ಹೇಳುವುದಿಲ್ಲ. ಮ್ಯಾಂಟೆಲರ ಕೈಯಲ್ಲಿದ್ದ ಹಲ್ಲಿನ ತುದಿ ಅಗಿದು ಅಗಿದು ಸವೆದು ಚಪ್ಪಟೆಯಾಗಿತ್ತು. ಅಂದರೆ ಆ ಪ್ರಾಣಿ ಸೊಪ್ಪು ತಿನ್ನುತ್ತಿತ್ತು. ಹಲ್ಲು ಅಷ್ಟು ದೊಡ್ಡದಾದರೆ ಪ್ರಾಣಿಯೂ ಬಹಳ ದೊಡ್ಡದೇ. ಸರಿ, ಹಾಗಾದರೆ ಆನೆಯಂಥ ಪ್ರಾಣಿ ಎನ್ನೋಣವೆ? ಅಲ್ಲೇ ತೊಡಕು. ಹಲ್ಲಿದ್ದ ಕಲ್ಲಿನ ಪದರ ಬಹಳ ಹಳೆಯದು. ಅಷ್ಟು ಹಳೆಯ ಪದರದಲ್ಲಿ ಆನೆ, ಘೇಂಡಾಮೃಗದಂಥ ಮೊಲೆಯುಣಿಸುವ ದೊಡ್ಡ ಪ್ರಾಣಿ ಯಾರಿಗೂ ಸಿಕ್ಕಿರಲಿಲ್ಲ. ಆ ಕಾಲದ ದೊಡ್ಡ ಪ್ರಾಣಿ ಅಂದರೆ ಸರೀಸೃಪ, ಅಂದರೆ ಹಲ್ಲಿ, ಹಾವು, ಮೊಸಳೆಗಳ ಕುಲ. ಆದರೆ ಸರೀಸೃಪ ಎಲ್ಲಾದರೂ ದನದ ಹಾಗೆ ಅಗಿಯುತ್ತದೆಯೇ? ಮೊಸಳೆ ಕಚ್ಚಿ ನುಂಗುತ್ತದೆ, ಹಾವು ಇಡಿಯಾಗಿ ನುಂಗುತ್ತದೆ. ಸೊಪ್ಪು ಅಗಿಯುವ ದೈತ್ಯ ಸರೀಸೃಪವನ್ನು ಅಂದಿನವರೆಗೆ ಯಾರೂ ಕಂಡಿರಲಿಲ್ಲ. ಮ್ಯಾಂಟೆಲ್ ಮಾತ್ರ ಇದು ಅದೇ ಎಂದು ಹಿಡಿದ ಹಟ ಬಿಡಲಿಲ್ಲ.

1822ರಲ್ಲಿ ಹಲ್ಲುಗಳನ್ನು ಲಂಡನ್ನಿನ ಭೂವಿಜ್ಞಾನ ಸಂಘಕ್ಕೆ ಒಯ್ದು ತೋರಿಸಿದರು. ಅಲ್ಲಿನ ಪಂಡಿತರು, ಇದು ಯಾವುದೋ ದೊಡ್ಡ ಮೀನಿನದು, ಇಲ್ಲವೇ ಈಚಿನ ಕಾಲದ ಪ್ರಾಣಿಯದು ಎಂದುಬಿಟ್ಟರು. ವೊಲಾಸ್ಟನ್ ಎಂಬ ವಿಜ್ಞಾನಿ ಒಬ್ಬರೇ ಬೆನ್ನು ತಟ್ಟಿದವರು. ಮರುವರ್ಷ ಚಾರ್ಲ್ಸ್ ಲಯೆಲ್ ಎಂಬ ಸ್ನೇಹಿತರು ಒಂದು ಹಲ್ಲನ್ನು ಪ್ಯಾರಿಸ್ಸಿಗೆ ಒಯ್ದರು. ಅಲ್ಲಿ ಕುವಿಯೆ ಎಂಬ ಮಹಾವಿದ್ವಾಂಸರು ಇದ್ದರು. ಮೂಳೆಗಳ ವಿಷಯದಲ್ಲಿ ಅವರು ಹೇಳಿದ್ದೇ ವೇದವಾಕ್ಯ. ಅವರು ನೋಡಿ, ಘೇಂಡಾಮೃಗದ ಹಲ್ಲು ಅಂದರು! ಹಳ್ಳಿ ಡಾಕ್ಟರಿಗೆ ಹೇಗಾಗಿರಬೇಡ? ಆದರೂ ಕೆಲಸ ನಿಲ್ಲಿಸಲಿಲ್ಲ, ಇನ್ನಷ್ಟು ಹಲ್ಲು ಕೂಡಿಸಿ ಕಳಿಸಿದರು. 1824ರಲ್ಲಿ ಕುವಿಯೆ ಮತ್ತೆ ಪರೀಕ್ಷಿಸಿ, ಇದು ಸೊಪ್ಪು ತಿನ್ನುವ ಹೊಸ ಬಗೆಯ ಸರೀಸೃಪ ಇರಬಹುದೆಂದು ಕಾಗದ ಬರೆದರು. ಅಷ್ಟು ದೊಡ್ಡ ವಿದ್ವಾಂಸರು ಮಾತು ಬದಲಿಸಿದ್ದು ಅವರ ದೊಡ್ಡತನ.

ಅದೇ ವರ್ಷ ಮ್ಯಾಂಟೆಲ್ ಲಂಡನ್ನಿನ ಶಸ್ತ್ರವೈದ್ಯರ ಕಾಲೇಜಿನ ಹಂಟೇರಿಯನ್ ಮ್ಯೂಸಿಯಂಗೆ ಹೋದರು. ಈ ಮ್ಯೂಸಿಯಂ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ. ಕಪಾಟು ಕಪಾಟು ಹುಡುಕಿದರೂ ಅಂಥ ಹಲ್ಲಿನ ಜೋಡಿ ಸಿಗಲಿಲ್ಲ. ಅಲ್ಲಿ ಕೆಲಸಕ್ಕಿದ್ದ ಸ್ಟಚ್‌ಬರಿ ಎಂಬುವರು ಹಲ್ಲು ನೋಡಿದವರೇ, ತಾವು ಆಗ ತಾನೇ ಸಿದ್ಧಪಡಿಸಿದ್ದ ಇಗ್ವಾನದ ಹಲ್ಲಿನ ಹಾಗಿದೆಯಲ್ಲ ಎಂದರು. ಇಗ್ವಾನ ಅಂದರೆ ಅಮೆರಿಕ ಖಂಡದ ಕಡೆ ಇರುವ, ಸೊಪ್ಪು ತಿನ್ನುವ ದೊಡ್ಡ ಓತಿಕ್ಯಾತ. ಎರಡನ್ನೂ ಪಕ್ಕಪಕ್ಕ ಇಟ್ಟರು. ಎಲೆಯಂಥ ಅದೇ ಆಕಾರ, ಅಂಚಿಗೆ ಗರಗಸದಂಥ ಅವೇ ಹಲ್ಲುಗಳು. ಕಲ್ಲಿನದು ಮಾತ್ರ ಸುಮಾರು 20 ಪಟ್ಟು ದೊಡ್ಡದು!

1825ರ ಫೆಬ್ರವರಿ 10ರಂದು ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಮ್ಯಾಂಟೆಲರ ಲೇಖನ ಓದಲಾಯಿತು. ಪ್ರಾಣಿಗೆ ಇಟ್ಟ ಹೆಸರು ಇಗ್ವಾನೊಡಾನ್, ಅಂದರೆ ಇಗ್ವಾನದ ಹಲ್ಲುಳ್ಳದ್ದು. ಹಿಂದಿನ ವರ್ಷವಷ್ಟೇ ಬಕ್‌ಲೆಂಡ್ ಎಂಬ ಪ್ರೊಫೆಸರು ಮೆಗಲೊಸಾರಸ್ ಎಂಬ ಮಾಂಸಾಹಾರಿಗೆ ಹೆಸರು ಕೊಟ್ಟಿದ್ದರು. ಹೀಗೆ ಹೆಸರು ಪಡೆದ ಎರಡನೇ ಡೈನೋಸಾರ್ ನಮ್ಮ ಡಾಕ್ಟರದು. ಬೂಟು ಹೊಲಿಯುವವರ ಮಗನನ್ನು ಅದೇ ವರ್ಷ ರಾಯಲ್ ಸೊಸೈಟಿ ತನ್ನ ಸದಸ್ಯನನ್ನಾಗಿ ಮಾಡಿಕೊಂಡಿತು.

1832ರಲ್ಲಿ ಟಿಲ್‌ಗೇಟ್ ಕಾಡಿನ ಗಣಿಯಲ್ಲಿ ಮದ್ದಿಟ್ಟು ಬಂಡೆ ಸಿಡಿಸಿದಾಗ ಮೂಳೆಗಳು ಹೊರಬಿದ್ದವು. ಮ್ಯಾಂಟೆಲ್ ಚೂರುಗಳನ್ನೆಲ್ಲ ತರಿಸಿ ಜೋಡಿಸಿದರು. ಮೈಮೇಲೆ ಮುಳ್ಳುಗಳಿದ್ದ, ಗುರಾಣಿ ಹೊದ್ದಂಥ ಈ ಪ್ರಾಣಿಗೆ ಹೈಲಿಯೊಸಾರಸ್ ಎಂದು ಕರೆದರು. 1834ರಲ್ಲಿ ಮೇಡ್‌ಸ್ಟನ್ ಎಂಬ ಊರಿನ ಗಣಿಯಲ್ಲಿ ಇಗ್ವಾನೊಡಾನಿನ ಬಹಳಷ್ಟು ಮೂಳೆಗಳಿದ್ದ ಒಂದೇ ಹಾಸುಗಲ್ಲು ಸಿಕ್ಕಿತು. ಗಣಿಯ ಒಡೆಯರು 25 ಪೌಂಡ್ ಕೇಳಿದರು. ಡಾಕ್ಟರ ಹತ್ತಿರ ಅಷ್ಟು ಹಣ ಇರಲಿಲ್ಲ, ಸ್ನೇಹಿತರು ಕೂಡಿ ಕೊಡಿಸಿದರು.

ಹಣ ಏಕಿರಲಿಲ್ಲ ಅಂತ ಕೇಳಬಹುದು. 1833ರಲ್ಲಿ ಅವರು ಲೂಯಿಸ್ ಬಿಟ್ಟು ಸಮುದ್ರದ ದಡದ ಬ್ರೈಟನ್ ಪಟ್ಟಣಕ್ಕೆ ಹೋಗಿದ್ದರು. ಅಲ್ಲಿ ಮೂಳೆ ನೋಡಲು ಬರುವ ಜನವೇ ಹೆಚ್ಚು, ಔಷಧಿಗೆ ಬರುವವರು ಕಡಿಮೆ. ಕೊನೆಗೆ ಮನೆಯನ್ನೇ ಮ್ಯೂಸಿಯಂ ಮಾಡಿದರು, ಹೆಂಡತಿ ಮಕ್ಕಳು ಬೇರೆ ಕಡೆ ಇರಬೇಕಾಯಿತು. ಸಾಲ ತೀರದೆ 1838ರಲ್ಲಿ ಇಡೀ ಸಂಗ್ರಹವನ್ನು ಬ್ರಿಟಿಷ್ ಮ್ಯೂಸಿಯಂಗೆ 4000 ಪೌಂಡಿಗೆ ಮಾರಿದರು. ಮರುವರ್ಷ ಮೇರಿ ಆನ್ ಮನೆ ಬಿಟ್ಟು ಹೋದರು. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಮಗ ವಾಲ್ಟರ್ ಹಡಗು ಹತ್ತಿ ನ್ಯೂಜಿಲೆಂಡಿಗೆ ಹೋದ. 1840ರಲ್ಲಿ ಮಗಳು ಹನ್ನಾ ತೀರಿಕೊಂಡಳು. 1841ರ ಅಕ್ಟೋಬರಿನಲ್ಲಿ ಮ್ಯಾಂಟೆಲ್ ಕುದುರೆಗಾಡಿಯಿಂದ ಬಿದ್ದು ಲಗಾಮಿಗೆ ಸಿಕ್ಕಿ ಎಳೆದಾಡಿದಂತಾಗಿ, ಬೆನ್ನುಮೂಳೆಗೆ ಏಟಾಯಿತು. ಆ ನೋವು ಮತ್ತೆ ಹೋಗಲೇ ಇಲ್ಲ.

ಸರಿಯಾಗಿ ಅದೇ ಹೊತ್ತಿಗೆ ಡೈನೋಸಾರ್ ಎಂಬ ಹೆಸರು ಹುಟ್ಟಿತು. 1842ರಲ್ಲಿ ಆ ಹೆಸರನ್ನು ಅಚ್ಚಿಗೆ ಕೊಟ್ಟವರು ರಿಚರ್ಡ್ ಓವೆನ್. ಬುದ್ಧಿವಂತರು, ಆದರೆ ಬೇರೆಯವರ ಕೀರ್ತಿಯನ್ನು ಸಹಿಸುವ ಸ್ವಭಾವ ಅವರದಲ್ಲ. ಓವೆನ್ ಮೂರು ಪ್ರಾಣಿಗಳನ್ನು ಒಂದು ಗುಂಪು ಮಾಡಿದರು: ಮೆಗಲೊಸಾರಸ್, ಇಗ್ವಾನೊಡಾನ್, ಹೈಲಿಯೊಸಾರಸ್. ಮೂರರಲ್ಲಿ ಎರಡು ಮ್ಯಾಂಟೆಲ್ ಹುಡುಕಿದವು! ಓವೆನ್ ಕಂಡ ಲಕ್ಷಣ ಮಾತ್ರ ನಿಜವಾಗಿ ದೊಡ್ಡದು. ಸೊಂಟದ ಹತ್ತಿರ ಐದು ಬೆನ್ನೆಲುಬುಗಳು ಒಂದಕ್ಕೊಂದು ಬೆಸೆದುಕೊಂಡಿದ್ದವು, ಭಾರ ಹೊರುವುದಕ್ಕೆ. ಬೇಲಿ ಮೇಲೆ ದಂಡ ಹೊಡೆಯುವ ಓತಿಕ್ಯಾತ ನೋಡಿ. ಅದರ ಕಾಲು ಎರಡೂ ಪಕ್ಕಕ್ಕೆ ಚಾಚಿರುತ್ತದೆ, ಹೊಟ್ಟೆ ನೆಲಕ್ಕೆ ಹತ್ತಿರ. ಡೈನೋಸಾರಿನ ಕಾಲು ದನದ ಕಾಲಿನ ಹಾಗೆ ಮೈ ಕೆಳಗೆ ಕಂಬದಂತೆ ನೇರ. ಆದ್ದರಿಂದಲೇ ಅಷ್ಟು ಭಾರದ ಮೈ ಹೊತ್ತು ನೆಲದ ಮೇಲೆ ಓಡಾಡಲು ಆಯಿತು. ಆ ಕಾಲದಲ್ಲಿ ರೆಕ್ಕೆ ಬಡಿದು ಹಾರುತ್ತಿದ್ದ ಟೆರೊಸಾರ್, ಸಮುದ್ರದಲ್ಲಿ ಈಜುತ್ತಿದ್ದ ಇಕ್ತಿಯೊಸಾರ್ ಇವೆಲ್ಲ ಡೈನೋಸಾರ್ ಅಲ್ಲ, ಬೇರೆ ಸರೀಸೃಪಗಳು. ಆದರೆ ನಮ್ಮ ಹಿತ್ತಲಲ್ಲಿ ಕೆದಕುವ ಕೋಳಿ ಡೈನೋಸಾರ್ ವಂಶದ್ದೇ ಎಂದು ಈಗಿನ ವಿಜ್ಞಾನಿಗಳು ಒಪ್ಪಿದ್ದಾರೆ.

ಓವೆನ್ ಇಗ್ವಾನೊಡಾನನ್ನು ಘೇಂಡಾಮೃಗದ ಹಾಗೆ ನಾಲ್ಕು ದಪ್ಪ ಕಾಲಿನ ಮೇಲೆ ನಿಲ್ಲಿಸಿದರು. ಮ್ಯಾಂಟೆಲ್ ನೋವಿಗೆ ಅಫೀಮಿನ ಔಷಧಿ ಕುಡಿಯುತ್ತಲೇ ಮೂಳೆಗಳನ್ನು ಮತ್ತೆ ಅಳೆದರು. ಮುಂಗಾಲು ಹಿಂಗಾಲಿಗಿಂತ ತೆಳು, ಸೊಪ್ಪು ಬಾಚಿ ಹಿಡಿಯಲು ಆಗುವಂಥದು ಎಂದು ತೋರಿಸಿಕೊಟ್ಟರು. ಓವೆನ್ ಅಡ್ಡ ಬಂದರೂ 1849ರಲ್ಲಿ ರಾಯಲ್ ಸೊಸೈಟಿ ಮ್ಯಾಂಟೆಲರಿಗೆ ಪದಕ ಕೊಟ್ಟಿತು. 1852ರ ನವೆಂಬರ್ 10ರಂದು, ಅಫೀಮು ಹೆಚ್ಚಾಗಿ, 62ನೇ ವಯಸ್ಸಿನಲ್ಲಿ ಅವರು ತೀರಿಕೊಂಡರು. ಅವರ ಬಾಗಿದ ಬೆನ್ನುಮೂಳೆಯ ಒಂದು ಭಾಗವನ್ನು ತೆಗೆದು ಮ್ಯೂಸಿಯಂನಲ್ಲಿ ಇಟ್ಟರು. ಯಾವ ಮ್ಯೂಸಿಯಂ? ಇಗ್ವಾನದ ಹಲ್ಲು ಸಿಕ್ಕಿತಲ್ಲ, ಅದೇ ಹಂಟೇರಿಯನ್! 1969ರಲ್ಲಿ ಜಾಗ ಸಾಲದೆಂದು ಅದನ್ನು ನಾಶ ಮಾಡಿದರು.

ಮ್ಯಾಂಟೆಲರಿಗೆ ಒಂಟಿಯಾಗಿ ಒಂದು ಚೂಪು ಮೂಳೆ ಸಿಕ್ಕಿತ್ತು. ಅದನ್ನು ಅವರು ಮೂಗಿನ ಮೇಲಿನ ಕೊಂಬು ಅಂದುಕೊಂಡಿದ್ದರು. 1854ರಲ್ಲಿ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಉದ್ಯಾನದಲ್ಲಿ ಓವೆನ್ ಹೇಳಿದಂತೆ ದೊಡ್ಡ ದೊಡ್ಡ ಡೈನೋಸಾರ್ ಗೊಂಬೆಗಳನ್ನು ನಿಲ್ಲಿಸಿದಾಗಲೂ ಕೊಂಬು ಮೂಗಿನ ಮೇಲೇ. ಆ ಗೊಂಬೆಗಳು ಇಂದಿಗೂ ಅಲ್ಲಿವೆ. 1878ರಲ್ಲಿ ಬೆಲ್ಜಿಯಂ ದೇಶದ ಬೆರ್ನಿಸಾರ್ ಎಂಬಲ್ಲಿ, ಕಲ್ಲಿದ್ದಲು ಗಣಿಯಲ್ಲಿ, 322 ಮೀಟರ್ ಆಳದಲ್ಲಿ ಇಗ್ವಾನೊಡಾನ್‌ಗಳ ಗುಂಪೇ ಸಿಕ್ಕಿತು, 30ಕ್ಕಿಂತ ಹೆಚ್ಚು ಅಸ್ಥಿಪಂಜರ. ಆಗ ಗೊತ್ತಾಯಿತು, ಆ ಚೂಪು ಮೂಳೆ ಕೊಂಬಲ್ಲ, ಕೈಯ ಹೆಬ್ಬೆರಳು! ಮ್ಯಾಂಟೆಲ್ ಮೊದಲು ಉದ್ದ 60 ಅಡಿ ಇರಬೇಕೆಂದು ಲೆಕ್ಕ ಹಾಕಿದ್ದರು, ಇವು ಅದರ ಸುಮಾರು ಅರ್ಧದಷ್ಟು. ಆದರೆ ಮುಂಗಾಲು ಹಿಂಗಾಲಿಗಿಂತ ಸಣ್ಣದು ಅಂದದ್ದು ಸರಿಯಾಗಿಯೇ ಇತ್ತು. 2007ರಲ್ಲಿ ಇಗ್ವಾನೊಡಾನಿನ ಹತ್ತಿರದ ನಂಟ ಡೈನೋಸಾರ್ ಒಂದಕ್ಕೆ ಮ್ಯಾಂಟೆಲಿಸಾರಸ್ ಎಂದು ಅವರ ಹೆಸರನ್ನೇ ಇಟ್ಟಿದ್ದಾರೆ.

ಹಳೆಯ ಹಲ್ಲೊಂದು ಮಗ ವಾಲ್ಟರನ ಜೊತೆ ನ್ಯೂಜಿಲೆಂಡಿಗೆ ಹೋಯಿತು. ಈಗ ಅದು ವೆಲಿಂಗ್ಟನ್ ನಗರದ ಟೆ ಪಾಪಾ ಮ್ಯೂಸಿಯಂನಲ್ಲಿದೆ. ಹಲ್ಲಿನ ಚಿತ್ರವನ್ನು ಏಳನೇ ತರಗತಿಯವರು ಪಕ್ಕದಲ್ಲಿ ಬರೆದಿದ್ದಾರೆ. ಸವೆದ ಕಡೆ ಪೆನ್ಸಿಲಿನಿಂದ ಗುರುತು ಮಾಡಿದೆ, ನೋಡಿ. ಕೆಳಗಿನ ಇಗ್ವಾನೊಡಾನ್ ಚಿತ್ರದಲ್ಲಿ ಚೂಪು ಮೂಳೆ ಹೆಬ್ಬೆರಳಲ್ಲೇ ಇದೆ. ದಯವಿಟ್ಟು ಯಾರೂ ಮೂಗಿನ ಮೇಲೆ ಕೊಂಬು ಗೀಚಬೇಡಿ.