ಓಸ್ಕರ್ ಫಾನ್ ಮಿಲ್ಲರ್

ಓಸ್ಕರ್ ಫಾನ್ ಮಿಲ್ಲರ್ (7 ಮೇ 1855 – 9 ಏಪ್ರಿಲ್ 1934) ಜರ್ಮನಿಯ ಪ್ರಸಿದ್ಧ ಇಂಜಿನಿಯರ್. ನೀರಿನ ಬಲದಿಂದ ದೊರೆಯುವ ವಿದ್ಯುತ್ತನ್ನು ದೂರದ ಊರುಗಳಿಗೆ ಸಾಗಿಸುವ ಪ್ರಯೋಗಗಳನ್ನು ಸಂಘಟಿಸಿದವರು. ಬವೇರಿಯಾ ಪ್ರಾಂತ್ಯದ ಬಿಡಿಬಿಡಿ ವಿದ್ಯುತ್ ಜಾಲಗಳನ್ನು ಒಂದಾಗಿ ಜೋಡಿಸಿದ 'ಬಯರ್ನ್‌ವೆರ್ಕ್' ಯೋಜನೆಯ ರೂವಾರಿ. ಮ್ಯೂನಿಕ್‌ನ ಡಾಯ್ಚಸ್ ಮ್ಯೂಸಿಯಂ ಎಂಬ ವಿಜ್ಞಾನ ಸಂಗ್ರಹಾಲಯದ ಸ್ಥಾಪಕರೂ ಇವರೇ.

ಜನನ ಮತ್ತು ಶಿಕ್ಷಣ

ಮಿಲ್ಲರ್ ಅವರು ಮ್ಯೂನಿಕ್ ನಗರದಲ್ಲಿ ಜನಿಸಿದರು. ತಂದೆ ಫರ್ಡಿನಾಂಡ್ ಫಾನ್ ಮಿಲ್ಲರ್ ಹೆಸರಾಂತ ಕಂಚಿನ ಎರಕದವರು. ಮ್ಯೂನಿಕ್‌ನ ಬೃಹತ್ 'ಬವೇರಿಯಾ' ಪ್ರತಿಮೆ ಅವರ ಎರಕಶಾಲೆಯಲ್ಲೇ ರೂಪುಗೊಂಡಿತು. ಓಸ್ಕರ್ ಸಿವಿಲ್ ಇಂಜಿನಿಯರಿಂಗ್ ಕಲಿತು ಸರ್ಕಾರಿ ಸೇವೆಗೆ ಸೇರಿದರು. 1881ರಲ್ಲಿ ಪ್ಯಾರಿಸ್‌ನ ವಿದ್ಯುತ್ ಪ್ರದರ್ಶನವನ್ನು ಕಂಡ ಮೇಲೆ ಅವರ ಆಸಕ್ತಿ ವಿದ್ಯುತ್ತಿನತ್ತ ಹೊರಳಿತು.

ದೂರ ಪ್ರಸರಣದ ಪ್ರಯೋಗಗಳು

1882ರಲ್ಲಿ ಮ್ಯೂನಿಕ್‌ನಲ್ಲಿ ನಡೆದ ಪ್ರದರ್ಶನಕ್ಕಾಗಿ ಮಿಲ್ಲರ್ ಅವರು ಫ್ರಾನ್ಸಿನ ಮಾರ್ಸೆಲ್ ಡೆಪ್ರೆ ಅವರೊಡನೆ ಸೇರಿ, 57 ಕಿ.ಮೀ. ದೂರದ ಮೀಸ್‌ಬಾಖ್‌ನಿಂದ ತಂತಿಯ ಮೂಲಕ ವಿದ್ಯುತ್ತನ್ನು ತರಿಸಿದರು. ಆದರೆ ಏಕಮುಖ ಪ್ರವಾಹವನ್ನು ಬಳಸಿದ ಈ ಪ್ರಯೋಗದಲ್ಲಿ ಶಕ್ತಿಯ ಬಹುಪಾಲು ದಾರಿಯಲ್ಲೇ ನಷ್ಟವಾಯಿತು.

1891ರ ಫ್ರಾಂಕ್‌ಫರ್ಟ್ ಪ್ರದರ್ಶನ ಈ ಕೊರತೆಯನ್ನು ನೀಗಿತು. ನೆಕರ್ ನದಿಯ ತೀರದ ಲಾವ್ಫೆನ್‌ನಿಂದ ಸುಮಾರು 175 ಕಿ.ಮೀ. ದೂರದ ಫ್ರಾಂಕ್‌ಫರ್ಟ್‌ಗೆ ಮೂರು ಫೇಸಿನ ಪರ್ಯಾಯ ಪ್ರವಾಹ ಹರಿಯಿತು. ಉಪಕರಣಗಳನ್ನು ರೂಪಿಸಿದವರು ಡೊಲಿವೊ-ಡೊಬ್ರೊವೊಲ್‌ಸ್ಕಿ ಮತ್ತು ಚಾರ್ಲ್ಸ್ ಬ್ರೌನ್. ಹಲವು ರಾಜ್ಯಗಳ ಗಡಿ ದಾಟುವ ಈ ಕಾರ್ಯವನ್ನು ಸಂಘಟಿಸಿದವರು ಮಿಲ್ಲರ್. ಕಳುಹಿಸಿದ ಶಕ್ತಿಯ ಸುಮಾರು ಮುಕ್ಕಾಲು ಭಾಗ ಫ್ರಾಂಕ್‌ಫರ್ಟ್ ತಲುಪಿತು. ಅಲ್ಲಿ ಅದು ಸಾವಿರ ದೀಪಗಳನ್ನು ಬೆಳಗಿ, ಕೃತಕ ಜಲಪಾತವೊಂದಕ್ಕೆ ನೀರೆತ್ತಿತು. ಇದಾದ ಹನ್ನೊಂದು ವರ್ಷಗಳಿಗೆ, 1902ರಲ್ಲಿ, ಮೈಸೂರು ಸಂಸ್ಥಾನದ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ಸುಮಾರು 147 ಕಿ.ಮೀ. ಉದ್ದದ ಮಾರ್ಗದಲ್ಲಿ ಜಲವಿದ್ಯುತ್ ಹರಿಯಿತು.

ವಾಲ್ಖೆನ್‌ಸೇ ಮತ್ತು ಬಯರ್ನ್‌ವೆರ್ಕ್

ಬವೇರಿಯಾದಲ್ಲಿ ಕಲ್ಲಿದ್ದಲು ವಿರಳ. ಆಲ್ಪ್ಸ್ ಪರ್ವತದ ನೀರು ಹೇರಳ. ಆದರೆ ನದಿಗಳ ಹರಿವು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಒಂದು ಊರಿನ ವಿದ್ಯುದಾಗಾರದಲ್ಲಿ ಕೊರತೆಯಿದ್ದಾಗ ಮತ್ತೊಂದರ ಹೆಚ್ಚಳ ಅದಕ್ಕೆ ಒದಗಬೇಕಾದರೆ ಎರಡೂ ಜೋಡಣೆಯಾಗಿರಬೇಕು. ಆದ್ದರಿಂದ ಇಡೀ ಪ್ರಾಂತ್ಯಕ್ಕೆ ಒಂದೇ ಜಾಲವಿರಬೇಕೆಂದೂ, ಅದು ಸಾರ್ವಜನಿಕ ಒಡೆತನದಲ್ಲಿರಬೇಕೆಂದೂ ಮಿಲ್ಲರ್ ಪ್ರತಿಪಾದಿಸಿದರು.

ಮೊದಲ ಮಹಾಯುದ್ಧ ಮುಗಿದ 1918ರಲ್ಲೇ ವಾಲ್ಖೆನ್‌ಸೇ ವಿದ್ಯುದಾಗಾರದ ಕೆಲಸ ಆರಂಭವಾಯಿತು. ಬೆಟ್ಟದ ಮೇಲಿನ ವಾಲ್ಖೆನ್ ಸರೋವರಕ್ಕೂ ಕೆಳಗಿನ ಕೊಖೆಲ್ ಸರೋವರಕ್ಕೂ ಸುಮಾರು 200 ಮೀಟರ್ ಎತ್ತರದ ಅಂತರವಿದೆ. ನೀರು ಆ ಎತ್ತರದಿಂದ ಕೊಳವೆಗಳಲ್ಲಿ ಧುಮುಕಿ ಟರ್ಬೈನುಗಳನ್ನು ತಿರುಗಿಸುತ್ತದೆ. ಸರೋವರವೇ ಜಲಾಶಯವಾದ್ದರಿಂದ ಬೇಡಿಕೆ ಏರಿದಾಗ ನೀರು ಬಿಡಬಹುದಾಗಿತ್ತು. 1921ರಲ್ಲಿ ಬಯರ್ನ್‌ವೆರ್ಕ್ ಸಂಸ್ಥೆ ಸ್ಥಾಪನೆಯಾಯಿತು. 1924ರಲ್ಲಿ ವಾಲ್ಖೆನ್‌ಸೇ ಕಾರ್ಯಾರಂಭ ಮಾಡಿತು. 110 ಕಿಲೋವೋಲ್ಟ್ ಮಾರ್ಗಗಳು ಅದನ್ನು ಪ್ರಾಂತ್ಯದ ನಗರಗಳೊಂದಿಗೆ ಬೆಸೆದವು.

ಈ ಸಾಧನೆಗೆ ಬೆಲೆಯನ್ನೂ ತೆರಬೇಕಾಯಿತು. ಸರೋವರ ತುಂಬಿಸಲು ಇಸಾರ್ ನದಿಯ ನೀರನ್ನು ಕ್ರ್ಯೂನ್ ಬಳಿ ತಿರುಗಿಸಿದ್ದರಿಂದ, ಅಲ್ಲಿಂದ ಕೆಳಗಿನ ನದೀಪಾತ್ರ ಹಲವು ದಶಕ ಬರಿದಾಗಿತ್ತು. ನದಿಗೆ ಕನಿಷ್ಠ ಹರಿವನ್ನು ಮರಳಿಸಿದ್ದು 1990ರ ಹೊತ್ತಿಗೆ.

ಸಂಗ್ರಹಾಲಯ ಮತ್ತು ಕೊನೆಯ ವರ್ಷಗಳು

1903ರಲ್ಲಿ ಮಿಲ್ಲರ್ ಸ್ಥಾಪಿಸಿದ ಡಾಯ್ಚಸ್ ಮ್ಯೂಸಿಯಂನ ಸ್ವಂತ ಕಟ್ಟಡ 1925ರ ಮೇ 7ರಂದು, ಅವರ ಎಪ್ಪತ್ತನೆಯ ಹುಟ್ಟುಹಬ್ಬದಂದು, ತೆರೆಯಿತು. ಸಾಮಾನ್ಯ ಜನರೂ ಯಂತ್ರಗಳನ್ನು ಸ್ವತಃ ನಡೆಸಿ ನೋಡಿ ಕಲಿಯಲಿ ಎಂಬುದು ಅವರ ಆಶಯವಾಗಿತ್ತು. 1930ರಲ್ಲಿ ಅವರು ಇಡೀ ಜರ್ಮನಿಯ ವಿದ್ಯುತ್ ಪೂರೈಕೆಯ ಕುರಿತು ವರದಿ ಸಲ್ಲಿಸಿದರು. ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಸಂಗ್ರಹಾಲಯದ ಹೊಣೆಯಿಂದ ಹಿಂದೆ ಸರಿದರು. ಮರುವರ್ಷ ಮ್ಯೂನಿಕ್‌ನಲ್ಲಿ ನಿಧನರಾದರು.

ವಾಲ್ಖೆನ್‌ಸೇ ವಿದ್ಯುದಾಗಾರ ಇಂದಿಗೂ ಕಾರ್ಯನಿರತವಾಗಿದೆ. ಗಾಳಿ ಮತ್ತು ಬಿಸಿಲಿನ ವಿದ್ಯುತ್ತಿಗಾಗಿ ಜಾಲಗಳನ್ನು ಬೆಸೆಯುತ್ತಿರುವ ಈ ಕಾಲದಲ್ಲಿಯೂ ಅಂದಿನ ತತ್ತ್ವವೇ ಆಧಾರವಾಗಿದೆ: ಒಂದೆಡೆಯ ಕೊರತೆಯನ್ನು ಮತ್ತೊಂದೆಡೆಯ ಹೆಚ್ಚಳ ತುಂಬಬೇಕು.