ಕಿವಿಯಲ್ಲಿ ಗುಂಯ್ ಶಬ್ದವೇ? ಎಣ್ಣೆ ಬಿಡುವ ಮುನ್ನ ಬೀಥೋವನ್ ಕಥೆ ಓದಿ

ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಎರಡು ಹನಿ ಕಿವಿಗೆ ಬಿಡಿ, ಗುಂಯ್ ಶಬ್ದ ಮೂರೇ ದಿನದಲ್ಲಿ ಮಾಯ! ಇಂಥ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಬಂದಿರಬಹುದು. ಕಳಿಸಿದವರ ಉದ್ದೇಶ ಒಳ್ಳೆಯದೇ. ರಾತ್ರಿಯಿಡೀ ಕಿವಿಯಲ್ಲಿ ಜೀರುಂಡೆ ಕೂಗಿದಂತೆ ಆಗುತ್ತಿದ್ದರೆ ಯಾರಿಗಾದರೂ ಯಾವುದೋ ಒಂದು ಔಷಧಿ ಬೇಕೆನಿಸುತ್ತದೆ. ಈ ತೊಂದರೆಗೆ ವೈದ್ಯರು ಟಿನಿಟಸ್ ಎನ್ನುತ್ತಾರೆ, ಕನ್ನಡದಲ್ಲಿ ಕಿವಿಮೊರೆತ.

ಇದಕ್ಕೆ ಎಣ್ಣೆ ಬಿಡುವ ಐಡಿಯಾ ಹೊಸದಲ್ಲ. ಇನ್ನೂರು ವರ್ಷಗಳ ಹಿಂದೆ ಪ್ರಪಂಚದ ಅತಿ ಪ್ರಸಿದ್ಧ ಸಂಗೀತಗಾರರಲ್ಲಿ ಒಬ್ಬನ ಮೇಲೂ ಇದೇ ಪ್ರಯೋಗ ನಡೆದಿತ್ತು. ಆತ ಲುಡ್ವಿಗ್ ವಾನ್ ಬೀಥೋವನ್. ಆತ ಏನೇನು ಮಾಡಿ ನೋಡಿದ, ಯಾವುದು ಏಕೆ ಕೈಕೊಟ್ಟಿತು, ಇಂದು ಅದೇ ತೊಂದರೆ ಇರುವವರಿಗೆ ಯಾವುದು ನೆರವಾಗುತ್ತದೆ ಎಂಬುದನ್ನು ನಾವು ಇಲ್ಲಿ ನೋಡೋಣ.

ಯಾರಿಗೂ ಹೇಳದ ಗುಟ್ಟು

ಬೀಥೋವನ್ ಹುಟ್ಟಿದ್ದು ಜರ್ಮನಿಯ ಬಾನ್ ನಗರದಲ್ಲಿ, 1770ರಲ್ಲಿ. 1792ರಲ್ಲಿ ಸಂಗೀತದ ರಾಜಧಾನಿಯಾಗಿದ್ದ ವಿಯೆನ್ನಾಕ್ಕೆ ಬಂದ. ಕೆಲವೇ ವರ್ಷಗಳಲ್ಲಿ ಪಿಯಾನೋ ವಾದಕನಾಗಿ ಊರಿಡೀ ಹೆಸರು ಮಾಡಿದ. ಎಲ್ಲವೂ ಚೆನ್ನಾಗಿ ನಡೆಯುತ್ತಿದ್ದಾಗ, ಮೂವತ್ತು ತುಂಬುವ ಮೊದಲೇ, ಕಿವಿ ಕೈಕೊಡಲು ಶುರುವಾಯಿತು.

1801ರ ಜೂನ್‌ನಲ್ಲಿ ಆತ ಬಾನ್‌ನಲ್ಲಿದ್ದ ಬಾಲ್ಯದ ಗೆಳೆಯ ವೆಗೆಲರ್‌ಗೆ ಒಂದು ಪತ್ರ ಬರೆದ. ವೆಗೆಲರ್ ವೃತ್ತಿಯಲ್ಲಿ ವೈದ್ಯ. ಕೇಳುವ ಶಕ್ತಿ ಮೂರು ವರ್ಷಗಳಿಂದ ಕುಗ್ಗುತ್ತಿದೆ, ಹಗಲೂ ರಾತ್ರಿ ಕಿವಿಯಲ್ಲಿ ಗುಂಯ್‌ಗುಡುವ ಸದ್ದು ನಿಲ್ಲುತ್ತಿಲ್ಲ ಎಂದು ಅದರಲ್ಲಿ ತೋಡಿಕೊಂಡಿದ್ದ. ನಾಟಕ ಶಾಲೆಯಲ್ಲಿ ವಾದ್ಯಗಾರರ ಪಕ್ಕದಲ್ಲೇ ಕೂತರೆ ಮಾತ್ರ ನಟರ ಮಾತು ತಿಳಿಯುತ್ತಿತ್ತು. ಸ್ವಲ್ಪ ದೂರ ಹೋದರೆ ವಾದ್ಯಗಳ ಮತ್ತು ಹಾಡುಗಾರರ ಎತ್ತರದ ಸ್ವರಗಳು ಕೇಳಿಸುತ್ತಿರಲಿಲ್ಲ. ಮೆಲ್ಲಗೆ ಮಾತಾಡಿದರೆ ದನಿ ಕೇಳಿಸುತ್ತಿತ್ತು, ಪದಗಳು ತಿಳಿಯುತ್ತಿರಲಿಲ್ಲ. ಯಾರಾದರೂ ಕೂಗಿದರೆ ಮಾತ್ರ ಸಹಿಸಲು ಆಗುತ್ತಿರಲಿಲ್ಲ.

ಈ ಕೊನೆಯ ಎರಡು ಲಕ್ಷಣಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ.

ಸಂಗೀತಗಾರನಿಗೇ ಕಿವಿ ಕೇಳುವುದಿಲ್ಲ ಎಂದು ಗೊತ್ತಾದರೆ ಜನ ಏನೆನ್ನುತ್ತಾರೆ ಎಂಬ ಭಯದಿಂದ ಆತ ಸುಮಾರು ಎರಡು ವರ್ಷ ಜನ ಸೇರುವ ಕಡೆಗೆಲ್ಲ ಹೋಗುವುದನ್ನೇ ಬಿಟ್ಟಿದ್ದ. ಈ ವಿಷಯ ಯಾರಿಗೂ ತಿಳಿಯಬಾರದು ಎಂದು ಗೆಳೆಯನಲ್ಲಿ ಕೇಳಿಕೊಂಡ.

ಎಣ್ಣೆ, ಸ್ನಾನ, ತೊಗಟೆ

ಈ ನಡುವೆ ಚಿಕಿತ್ಸೆಗಳು ನಡೆದೇ ಇದ್ದವು. ವಿಯೆನ್ನಾದ ಡಾ. ಫ್ರಾಂಕ್ ಬಾದಾಮಿ ಎಣ್ಣೆ ಕೊಟ್ಟರು, ಪ್ರಯೋಜನವಾಗಲಿಲ್ಲ. ಇನ್ನೊಬ್ಬ ವೈದ್ಯರು ತಣ್ಣೀರ ಸ್ನಾನ ಹೇಳಿದರು, ಮತ್ತೊಬ್ಬರು ಡ್ಯಾನ್ಯೂಬ್ ನದಿಯ ಉಗುರುಬೆಚ್ಚಗಿನ ನೀರಿನ ಸ್ನಾನ. ಹೊಟ್ಟೆಯ ತೊಂದರೆ ಕಡಿಮೆಯಾಯಿತು, ಕಿವಿಯ ಸದ್ದು ಹಾಗೇ ಉಳಿಯಿತು. ಆಮೇಲೆ ಡಾ. ವೆರಿಂಗ್ ಎಂಬುವರು ಒಂದು ಗಿಡದ ತೊಗಟೆಯನ್ನು ಎರಡೂ ತೋಳುಗಳಿಗೆ ಕಟ್ಟಿದರು. ಚರ್ಮದಲ್ಲಿ ಬೊಬ್ಬೆ ಎಬ್ಬಿಸಿ ಒಳಗಿನ ದೋಷವನ್ನು ಹೊರಗೆ ಎಳೆಯುವುದು ಆಗಿನ ನಂಬಿಕೆ. ಆ ಉರಿಯಲ್ಲಿ ಬೀಥೋವನ್ ದಿನಗಟ್ಟಲೆ ಕೈ ಆಡಿಸಲಾಗದೆ ಕೂತ. ಪಿಯಾನೋ ನುಡಿಸುವವನ ಕೈಗಳು ಎಂಬುದನ್ನು ಮರೆಯಬೇಡಿ.

1801ರ ನವೆಂಬರ್‌ನ ಪತ್ರದಲ್ಲಿ ಇನ್ನೊಂದು ಪ್ರಶ್ನೆಯಿದೆ. ಅದರ ಹಿಂದಿನ ವರ್ಷವಷ್ಟೇ ವೋಲ್ಟಾ ತನ್ನ ಬ್ಯಾಟರಿಯನ್ನು ಪ್ರಕಟಿಸಿದ್ದ. ವಿದ್ಯುತ್ತಿನಿಂದ ಎಲ್ಲ ರೋಗ ವಾಸಿ ಎಂಬ ಸುದ್ದಿ ಯುರೋಪಿನಲ್ಲಿ ಹಬ್ಬಿತ್ತು. ಬರ್ಲಿನ್‌ನಲ್ಲಿ ಕಿವುಡ ಮಗುವೊಂದಕ್ಕೆ ಕಿವಿ ಬಂತಂತೆ, ಏಳು ವರ್ಷ ಕಿವಿ ಕೇಳದ ಒಬ್ಬನಿಗೂ ವಾಸಿಯಾಯಿತಂತೆ, ನಿನ್ನ ಅಭಿಪ್ರಾಯವೇನು ಎಂದು ಆತ ವೆಗೆಲರ್‌ನನ್ನು ಕೇಳುತ್ತಾನೆ.

ಇದು ಆ ಕಾಲದ ಫಾರ್ವರ್ಡ್ ಮೆಸೇಜ್. ಎಲ್ಲೋ ದೂರದ ಊರು, ಹೆಸರಿಲ್ಲದ ರೋಗಿ, ಪೂರ್ತಿ ಗುಣ. ಬೀಥೋವನ್‌ನಂಥ ಬುದ್ಧಿವಂತನೂ ಅದನ್ನು ತಳ್ಳಿಹಾಕಲಾರದೆ ಹೋದ. ಹತಾಶೆ ಎಂಥವರನ್ನೂ ನಂಬಿಸುತ್ತದೆ. ಆದರೂ ಆತ ಒಂದು ಸರಿಯಾದ ಕೆಲಸ ಮಾಡಿದ: ಕೇಳಿದ್ದನ್ನು ಕಣ್ಣುಮುಚ್ಚಿ ನಂಬದೆ ಪರಿಚಯದ ವೈದ್ಯನನ್ನು ಕೇಳಿದ.

ಮೌನ ಎಂಬ ಔಷಧಿ

1802ರಲ್ಲಿ ಡಾ. ಶ್ಮಿಟ್ ಬೇರೆ ಸಲಹೆ ಕೊಟ್ಟರು. ಕಿವಿಗೆ ವಿಶ್ರಾಂತಿ ಬೇಕು, ಊರ ಗದ್ದಲದಿಂದ ದೂರ ಇರು ಎಂದರು. ಬೀಥೋವನ್ ವಿಯೆನ್ನಾದ ಹೊರಗಿನ ಹೈಲಿಗೆನ್‌ಶ್ಟಾಟ್ ಎಂಬ ಹಳ್ಳಿಯಲ್ಲಿ ಅರ್ಧ ವರ್ಷ ಇದ್ದ. ಅಕ್ಟೋಬರ್ ಹೊತ್ತಿಗೆ ಆತ ತನ್ನ ತಮ್ಮಂದಿರಿಗೆ ಒಂದು ಪತ್ರ ಬರೆದ. ಅದನ್ನು ಕಳಿಸಲಿಲ್ಲ, ಸತ್ತ ಮೇಲೆ ಅವನ ಕಾಗದಗಳ ನಡುವೆ ಸಿಕ್ಕಿತು. ಪಕ್ಕದಲ್ಲಿ ನಿಂತವರಿಗೆ ದೂರದ ಕೊಳಲು ಕೇಳಿಸಿ ತನಗೆ ಕೇಳಿಸದ ಅವಮಾನ, ಜನರಿಂದ ದೂರವಾಗಿ ಬದುಕುವ ಸಂಕಟ, ಬದುಕೇ ಬೇಡವೆನಿಸಿದ್ದು, ಸಂಗೀತವೊಂದೇ ತನ್ನನ್ನು ತಡೆದದ್ದು, ಎಲ್ಲವೂ ಅದರಲ್ಲಿದೆ.

ಆ ವೈದ್ಯರ ಸಲಹೆ ಕೇಳಲು ಸರಿಯಾಗಿಯೇ ಇದೆ. ಇಂದಿಗೂ ಟಿನಿಟಸ್ ಇರುವವರಿಗೆ ಮನೆಯವರು ಹೇಳುವುದು ಇದನ್ನೇ: ಟಿವಿ ಆರಿಸಿ, ಬಾಗಿಲು ಹಾಕಿಕೊಂಡು ಸುಮ್ಮನೆ ಮಲಗು. ಆದರೆ ಟಿನಿಟಸ್‌ಗೆ ಸಂಪೂರ್ಣ ಮೌನ ಒಳ್ಳೆಯದಲ್ಲ. ಏಕೆ ಎಂದು ನೋಡೋಣ.

ನಮ್ಮ ಒಳಕಿವಿಯ ಬಸವನಹುಳುವಿನಾಕಾರದ ಭಾಗದಲ್ಲಿ ಸುಮಾರು 15 ಸಾವಿರ ಸೂಕ್ಷ್ಮ ಜೀವಕೋಶಗಳಿವೆ. ಅವು ಶಬ್ದವನ್ನು ನರದ ಸಂಕೇತವನ್ನಾಗಿ ಬದಲಿಸುತ್ತವೆ. ವಯಸ್ಸು, ದೊಡ್ಡ ಸದ್ದು, ಕೆಲವು ಔಷಧಿಗಳು, ಕಾಯಿಲೆಗಳಿಂದ ಅವು ಹಾಳಾದರೆ ಮತ್ತೆ ಹುಟ್ಟುವುದಿಲ್ಲ. ಸಂಕೇತ ಕಡಿಮೆಯಾದಾಗ ಮಿದುಳು ತನ್ನ ವಾಲ್ಯೂಮ್ ಏರಿಸಿಕೊಳ್ಳುತ್ತದೆ, ಆಗ ಹೊರಗೆ ಇಲ್ಲದ ಸದ್ದು ಒಳಗೆ ಕೇಳಿಸತೊಡಗುತ್ತದೆ ಎಂಬುದು ಈಗಿನ ಮುಖ್ಯ ವಿವರಣೆ. ಟಿನಿಟಸ್ ಇರುವ ಬಹಳಷ್ಟು ಜನರಿಗೆ ಸ್ವಲ್ಪವಾದರೂ ಶ್ರವಣ ದೋಷ ಇರುವುದು ಇದಕ್ಕೇ.

ಮೊಬೈಲ್ ಚಾರ್ಜರ್‌ನ ಪುಟ್ಟ ಲೈಟ್ ಹಗಲಲ್ಲಿ ಕಣ್ಣಿಗೇ ಬೀಳುವುದಿಲ್ಲ. ರಾತ್ರಿ ಕತ್ತಲ ಕೋಣೆಯಲ್ಲಿ ಅದೇ ಲೈಟ್ ನಿದ್ದೆ ಕೆಡಿಸುತ್ತದೆ. ಲೈಟ್ ಅಷ್ಟೇ ಇದೆ, ಸುತ್ತಲಿನ ಕತ್ತಲೆ ಹೆಚ್ಚಾಗಿದೆ. ಕಿವಿಯೊಳಗಿನ ಸದ್ದಿಗೆ ಮೌನವೇ ಆ ಕತ್ತಲೆ. ಬೀಥೋವನ್‌ಗೆ ಕಿವಿ ಮಂದವಾಗಿದ್ದರಿಂದ ಹೊರಗಿನ ಶಬ್ದ ಮೊದಲೇ ಕಡಿಮೆ ಬರುತ್ತಿತ್ತು. ಹಳ್ಳಿಯ ನೀರವತೆ, ಮಾತಿಗೆ ಯಾರೂ ಇಲ್ಲದ ಒಂಟಿತನ ಅದರ ಮೇಲೆ ಸೇರಿದವು.

ತುತ್ತೂರಿ ಏಕೆ ಸಾಕಾಗಲಿಲ್ಲ?

ಆತ ವಿಯೆನ್ನಾಕ್ಕೆ ಮರಳಿ ಕೆಲಸಕ್ಕೆ ಕೂತ. ಪೂರ್ತಿ ಕಿವುಡನಾಗಿಯೇ ಬೀಥೋವನ್ ಎಲ್ಲ ಸಂಗೀತ ಬರೆದ ಎಂಬ ಫಾರ್ವರ್ಡ್ ಕೂಡ ಓಡಾಡುತ್ತದೆ, ಅದು ಸರಿಯಲ್ಲ. ಐದನೇ ಮತ್ತು ಆರನೇ ಸಿಂಫನಿಗಳು ಮೊದಲ ಬಾರಿ ಪ್ರದರ್ಶನವಾದದ್ದು 1808ರ ಡಿಸೆಂಬರ್‌ನಲ್ಲಿ. ಸುಮಾರು 1812ರ ತನಕ ಆತನಿಗೆ ಮಾತು, ಸಂಗೀತ ತಕ್ಕಮಟ್ಟಿಗೆ ಕೇಳಿಸುತ್ತಿತ್ತು ಎಂದು ಶಿಷ್ಯ ಚೆರ್ನಿ ಹೇಳಿದ್ದಾನೆ. ಶ್ರವಣ ಶಕ್ತಿ ಹೋದದ್ದು ನಿಧಾನವಾಗಿ, ವರ್ಷಗಟ್ಟಲೆ.

1809ರಲ್ಲಿ ನೆಪೋಲಿಯನ್ ಸೈನ್ಯ ವಿಯೆನ್ನಾದ ಮೇಲೆ ಫಿರಂಗಿ ಹಾರಿಸಿದಾಗ ಆತ ತಮ್ಮನ ಮನೆಯ ನೆಲಮಾಳಿಗೆಯಲ್ಲಿ ಕಿವಿಗೆ ದಿಂಬು ಒತ್ತಿಕೊಂಡು ಕೂತಿದ್ದ ಎಂದು ಇನ್ನೊಬ್ಬ ಶಿಷ್ಯ ರೀಸ್ ದಾಖಲಿಸಿದ್ದಾನೆ. ದೊಡ್ಡ ಸದ್ದಿನಿಂದ ಕಿವಿಯನ್ನು ಕಾಪಾಡಬೇಕೆಂಬ ಆ ತಿಳಿವಳಿಕೆ ಇಂದಿಗೂ ಸರಿ.

1812ರಿಂದ 1814ರ ಸುಮಾರಿಗೆ ಯಂತ್ರ ತಯಾರಕ ಮೆಲ್ಜೆಲ್ ಆತನಿಗೆ ಲೋಹದ ಕಿವಿ ತುತ್ತೂರಿಗಳನ್ನು ಮಾಡಿಕೊಟ್ಟ. ಸಂಗೀತ ಕಲಿಯುವವರು ತಾಳಕ್ಕೆ ಬಳಸುವ ಮೆಟ್ರೊನೋಮ್‌ಗೆ 1815ರಲ್ಲಿ ಪೇಟೆಂಟ್ ಪಡೆದವನೂ ಈತನೇ. ತುತ್ತೂರಿಯ ಅಗಲ ಬಾಯಿ ಶಬ್ದವನ್ನು ಸೇರಿಸಿ ಕಿರಿದಾದ ತುದಿಯಿಂದ ಕಿವಿಗೆ ಬಿಡುತ್ತಿತ್ತು. ಬಾನ್‌ನಲ್ಲಿ ಬೀಥೋವನ್ ಹುಟ್ಟಿದ ಮನೆ ಈಗ ಮ್ಯೂಸಿಯಂ, ಅವುಗಳನ್ನು ಅಲ್ಲಿ ಇಂದಿಗೂ ನೋಡಬಹುದು.

ತುತ್ತೂರಿಯ ಮಿತಿ ಏನು? ಆತನ ಎರಡು ಲಕ್ಷಣಗಳನ್ನು ಈಗ ನೆನಪಿಸಿಕೊಳ್ಳಿ. ಮೊದಲನೆಯದು, ದನಿ ಕೇಳಿದರೂ ಪದ ತಿಳಿಯದು. ಸ, ಚ, ಕ, ತ ದಂಥ ವ್ಯಂಜನಗಳನ್ನು ಗುರುತಿಸಲು ಎತ್ತರದ ಸ್ವರಗಳು ಬೇಕು. ಅವು ಹೋದರೆ ಸಾಲು, ಕಾಲು, ಹಾಲು ಮೂರೂ ಒಂದೇ ತರಹ ಕೇಳಿಸುತ್ತವೆ. ಎರಡನೆಯದು, ಕೂಗಿದರೆ ಹಿಂಸೆ. ತುತ್ತೂರಿ ತನ್ನ ಆಕಾರಕ್ಕೆ ತಕ್ಕಂತೆ ಸದ್ದನ್ನು ಒಂದಿಷ್ಟು ಹೆಚ್ಚಿಸುತ್ತದೆ ಅಷ್ಟೇ. ಈ ಕಿವಿಗೆ ಯಾವ ಸ್ವರ ಬೇಕು, ಯಾವುದು ಈಗಾಗಲೇ ಸಾಕಷ್ಟಿದೆ ಎಂಬುದು ಅದಕ್ಕೆ ತಿಳಿಯದು.

1818ರಿಂದ ಆತ ಜನರ ಕೈಗೆ ಪುಸ್ತಕ ಕೊಟ್ಟು ಹೇಳಬೇಕಾದ್ದನ್ನು ಬರೆಸತೊಡಗಿದ. ಅಂಥ 130ಕ್ಕೂ ಹೆಚ್ಚು ಪುಸ್ತಕಗಳು ಉಳಿದಿವೆ. ತನಗೆ ಕೇಳುವುದಿಲ್ಲ ಎಂದು ಹೇಳಲು ನಾಚುತ್ತಿದ್ದವನು ಈಗ ಎಲ್ಲರೆದುರು ಪುಸ್ತಕ ಬಿಚ್ಚುತ್ತಿದ್ದ. ಮನೆಗೆ ಮಾತು ಮರಳಿ ಬಂತು. 1824ರ ಮೇ 7ರಂದು ಒಂಬತ್ತನೇ ಸಿಂಫನಿ ಮೊದಲು ಪ್ರದರ್ಶನವಾದಾಗ ಜನರ ಚಪ್ಪಾಳೆ ಆತನಿಗೆ ಕೇಳಿಸಲಿಲ್ಲ. ಗಾಯಕಿ ಕ್ಯಾರೊಲಿನ್ ಉಂಗರ್ ಆತನನ್ನು ಜನರ ಕಡೆಗೆ ತಿರುಗಿಸಿ ತೋರಿಸಿದಳು.

1827ರ ಮಾರ್ಚ್ 26ರಂದು, 56ನೇ ವಯಸ್ಸಿನಲ್ಲಿ ಬೀಥೋವನ್ ತೀರಿಕೊಂಡ. ಮರಣೋತ್ತರ ಪರೀಕ್ಷೆಯಲ್ಲಿ ಶ್ರವಣ ನರಗಳು ಸೊರಗಿದ್ದು ಕಂಡಿತು. 2023ರಲ್ಲಿ ವಿಜ್ಞಾನಿಗಳು ಆತನ ಕೂದಲಿನ ಡಿಎನ್ಎ ಓದಿದರು. ಯಕೃತ್ತಿನ ಕಾಯಿಲೆಯ ಅಪಾಯ, ಹೆಪಟೈಟಿಸ್ ಬಿ ಸೋಂಕು ಪತ್ತೆಯಾದವು, ಕಿವುಡುತನಕ್ಕೆ ಕಾರಣ ಮಾತ್ರ ಸಿಗಲಿಲ್ಲ. 2024ರಲ್ಲಿ ಕೂದಲಲ್ಲಿ ಹೆಚ್ಚಿನ ಸೀಸವೂ ಕಂಡುಬಂತು. ಸಾವಿಗೆ ಅದೊಂದೇ ಕಾರಣವಾಗುವಷ್ಟು ಅಲ್ಲ, ಕಿವಿಯ ತೊಂದರೆಗೆ ಪಾಲು ಇದ್ದಿರಬಹುದು ಎಂಬುದು ಸಂಶೋಧಕರ ಅಭಿಪ್ರಾಯ.

ಇಂದು ಶ್ರವಣ ಸಾಧನ ಏನು ಮಾಡುತ್ತದೆ?

ಶ್ರವಣ ಸಾಧನ ಹಾಕಿಕೊಂಡರೆ ಟಿನಿಟಸ್ ಹಗುರಾಗುತ್ತದೆ ಎಂದು ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾದದ್ದು 1947ರಲ್ಲಿ. ಇಂದಿನ ಸಾಧನದಲ್ಲಿ ಒಂದು ಮೈಕ್, ಒಂದು ಚಿಪ್, ಒಂದು ಪುಟ್ಟ ಸ್ಪೀಕರ್ ಇರುತ್ತವೆ. ಪರೀಕ್ಷೆ ಮಾಡಿ, ನಿಮಗೆ ಯಾವ ಸ್ವರ ಎಷ್ಟು ಕಡಿಮೆ ಕೇಳುತ್ತದೋ ಅಷ್ಟನ್ನೇ ಹೆಚ್ಚಿಸುವಂತೆ ಅದನ್ನು ಹೊಂದಿಸುತ್ತಾರೆ. ಮೆಲುದನಿಯನ್ನು ಏರಿಸುತ್ತದೆ, ಜೋರು ಸದ್ದನ್ನು ಮಿತಿಯಲ್ಲಿಡುತ್ತದೆ. ತುತ್ತೂರಿಗೆ ಆಗದಿದ್ದ ಕೆಲಸ ಇದೇ.

ಹೊರಗಿನ ಸಣ್ಣ ಸದ್ದುಗಳು, ಫ್ಯಾನ್, ಹಕ್ಕಿ, ಅಡುಗೆಮನೆಯ ಪಾತ್ರೆ, ಮತ್ತೆ ಮಿದುಳಿಗೆ ತಲುಪಿದಾಗ ಒಳಗಿನ ಗುಂಯ್ ಹಿಂದೆ ಸರಿಯುತ್ತದೆ. ಮಾತು ಕೇಳಲು ತಿಣುಕುವುದು ಕಡಿಮೆಯಾಗಿ ದಣಿವೂ ತಗ್ಗುತ್ತದೆ. ಕೆಲವು ಸಾಧನಗಳಲ್ಲಿ ಮಳೆಯ ಅಥವಾ ಅಲೆಯ ಸದ್ದಿನಂಥ ಮೆಲು ಶಬ್ದವೂ ಇರುತ್ತದೆ.

ಇದು ಟಿನಿಟಸ್ ಅನ್ನು ಗುಣಪಡಿಸುವುದಿಲ್ಲ, ಎಲ್ಲರಿಗೂ ಒಂದೇ ರೀತಿ ಫಲ ಕೊಡುವುದೂ ಇಲ್ಲ. ಶ್ರವಣ ದೋಷ ಇರುವವರಿಗೆ ಹೆಚ್ಚು ಉಪಯೋಗ. ಕಾಡುವ ಟಿನಿಟಸ್ ಜೊತೆಗೆ ಶ್ರವಣ ದೋಷವೂ ಇದ್ದರೆ ಶ್ರವಣ ಸಾಧನದ ಪರೀಕ್ಷೆ ಮಾಡಿಸಬೇಕು ಎಂದು ಅಮೆರಿಕದ ಕಿವಿ-ಮೂಗು-ಗಂಟಲು ತಜ್ಞರ ಸಂಘದ 2014ರ ಮಾರ್ಗಸೂಚಿ ಹೇಳುತ್ತದೆ. ಸದ್ದಿನ ಬಗ್ಗೆ ಮನಸ್ಸಿನ ಆತಂಕ ತಗ್ಗಿಸುವ ಸಿಬಿಟಿ ಎಂಬ ಆಪ್ತ ಸಮಾಲೋಚನೆಯನ್ನೂ ಅದು ಶಿಫಾರಸು ಮಾಡುತ್ತದೆ. ಗಿಂಕ್ಗೊ, ಝಿಂಕ್‌ನಂಥ ಮಾತ್ರೆಗಳನ್ನು ಟಿನಿಟಸ್‌ಗೆಂದು ಕೊಡಬಾರದು ಎನ್ನುತ್ತದೆ.

ನೀವು ಮಾಡಬೇಕಾದ್ದು

ಕಿವಿಗೆ ಎಣ್ಣೆ ಬಿಡಬೇಡಿ. ಬಿಟ್ಟ ಎಣ್ಣೆ ಒಳಕಿವಿಯ ಜೀವಕೋಶಗಳನ್ನು ತಲುಪುವುದೇ ಇಲ್ಲ. ತಮಟೆಯಲ್ಲಿ ತೂತಿದ್ದರೆ ಅಪಾಯ. ಮೊದಲು ಇಎನ್‌ಟಿ ವೈದ್ಯರಿಗೆ ತೋರಿಸಿ, ಏಕೆಂದರೆ ಕೆಲವೊಮ್ಮೆ ಕಾರಣ ಬರೀ ಗುಗ್ಗೆ ಇರಬಹುದು. ಆಮೇಲೆ ಆಡಿಯಾಲಜಿಸ್ಟ್ ಬಳಿ ಶ್ರವಣ ಪರೀಕ್ಷೆ ಮಾಡಿಸಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ. ಪರೀಕ್ಷೆ ಇಲ್ಲದೆ ಆನ್‌ಲೈನ್‌ನಲ್ಲಿ ಸಿಗುವ ಅಗ್ಗದ ಆಂಪ್ಲಿಫೈಯರ್ ಎಲ್ಲ ಸದ್ದನ್ನೂ ಒಟ್ಟಿಗೆ ಹೆಚ್ಚಿಸಬಹುದು, ಅದು ತುತ್ತೂರಿಯ ಹೊಸ ರೂಪ.

ಒಂದೇ ಕಿವಿಯಲ್ಲಿ ಸದ್ದು, ನಾಡಿ ಮಿಡಿತದ ಜೊತೆ ಬಡಿಯುವ ಸದ್ದು, ತಲೆಸುತ್ತು ಇದ್ದರೆ ತಡಮಾಡಬೇಡಿ. ಇದ್ದಕ್ಕಿದ್ದಂತೆ ಕಿವಿ ಕೇಳದಾದರೆ ಅದು ತುರ್ತು ಪರಿಸ್ಥಿತಿ, ಅಂದೇ ಆಸ್ಪತ್ರೆಗೆ ಹೋಗಿ. ರಾತ್ರಿ ನಿದ್ದೆ ಬಾರದಿದ್ದರೆ ಫ್ಯಾನ್ ಸದ್ದು ಅಥವಾ ಮೆಲುವಾದ ಸಂಗೀತ ಇರಲಿ. ಬದುಕೇ ಬೇಡವೆನ್ನುವಷ್ಟು ಬೇಸರವಾಗಿದ್ದರೆ 14416ಕ್ಕೆ ಕರೆ ಮಾಡಿ. ಇದು ಸರ್ಕಾರದ ಉಚಿತ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ನಿಮ್ಮ ಮನೆಯಲ್ಲೂ ಮದುವೆ ಮುಂಜಿಗೆ ಬರಲು ಒಲ್ಲೆ ಎನ್ನುವ ಅಜ್ಜ, ಟಿವಿ ವಾಲ್ಯೂಮ್ ಏರಿಸುತ್ತಲೇ ಇರುವ ಅತ್ತೆ ಇರಬಹುದು. ಅವರಿಗೂ ಒಂದು ಗುಟ್ಟು ಇರಬಹುದು. ಎಣ್ಣೆಯ ಮೆಸೇಜ್ ಕಳಿಸುವ ಬದಲು ಅವರ ಪಕ್ಕದಲ್ಲಿ ಕೂತು ಕೇಳಿ, ಪರೀಕ್ಷೆಗೆ ಜೊತೆಯಲ್ಲಿ ಹೋಗಿ. ಫಾರ್ವರ್ಡ್ ಮಾಡಲೇಬೇಕೆನಿಸಿದರೆ ಈ ಲೇಖನವನ್ನು ಮಾಡಿ.