ಪಗನಿನಿಯ ಬೆರಳುಗಳಲ್ಲಿ ದೆವ್ವ ಇತ್ತಾ?

ಪಿಟೀಲು ನುಡಿಸುವ ಶಕ್ತಿಗಾಗಿ ದೆವ್ವಕ್ಕೆ ಆತ್ಮವನ್ನೇ ಮಾರಿಕೊಂಡವರು! ಇಟಲಿಯ ನಿಕೊಲೊ ಪಗನಿನಿ ಬಗ್ಗೆ ಅವರು ಬದುಕಿದ್ದಾಗಲೇ ಈ ಕತೆ ಯುರೋಪಿನಲ್ಲೆಲ್ಲ ಹಬ್ಬಿತ್ತು. ನಿಮ್ಮ ಫೋನಿಗೂ ಇದು ಬಂದರೆ, ಮುಂದೆ ಕಳಿಸುವ ಮೊದಲು ನಿಜ ಏನೆಂದು ತಿಳಿಯೋಣ.

ಪಗನಿನಿ ಹುಟ್ಟಿದ್ದು 1782ರಲ್ಲಿ, ಜಿನೋವಾ ಎಂಬ ಬಂದರು ಪಟ್ಟಣದಲ್ಲಿ. ಐದನೇ ವಯಸ್ಸಿಗೆ ಮ್ಯಾಂಡೊಲಿನ್, ಏಳಕ್ಕೆ ಪಿಟೀಲು ಹಿಡಿದರು. ತಂದೆ ಬಲು ಕಟ್ಟುನಿಟ್ಟು. ಗಂಟೆಗಟ್ಟಲೆ ಅಭ್ಯಾಸ ಮಾಡಿಸುತ್ತಿದ್ದರು. 1820ರಲ್ಲಿ ಪ್ರಕಟವಾದ ಅವರ 24 ಕಪ್ರೀಸ್‌ಗಳು ಇಂದಿಗೂ ಪಿಟೀಲು ವಾದಕರಿಗೆ ಕಠಿಣ ಪರೀಕ್ಷೆ. 1828ರಲ್ಲಿ ವಿಯೆನ್ನಾ, 1831ರಲ್ಲಿ ಪ್ಯಾರಿಸ್ ಮತ್ತು ಲಂಡನ್‌ನಲ್ಲಿ ಕೇಳಲು ಜನ ಮುಗಿಬಿದ್ದರು. ಸಣಕಲು ಮೈ, ಬಿಳಚಿದ ಮುಖ ನೋಡಿ ದೆವ್ವದ ಕತೆ ಇನ್ನೂ ಬೆಳೆಯಿತು.

ಅವರನ್ನು ಪರೀಕ್ಷಿಸಿದ ವೈದ್ಯ ಫ್ರಾನ್ಸೆಸ್ಕೊ ಬೆನ್ನಾಟಿ ಕಂಡದ್ದೇ ಬೇರೆ. ಕೈ ಸಾಮಾನ್ಯ ಗಾತ್ರದ್ದೇ. ಆದರೆ ಕೀಲುಗಳು ವಿಪರೀತ ಬಾಗುತ್ತಿದ್ದವು, ಹಾಗಾಗಿ ಬೆರಳುಗಳು ತಂತಿಗಳ ಮೇಲೆ ಬಹಳ ದೂರ ತಲುಪುತ್ತಿದ್ದವು. ಇದು ಎಹ್ಲರ್ಸ್-ಡಾನ್ಲೋಸ್ ಅಥವಾ ಮಾರ್ಫಾನ್ ಎಂಬ ಹುಟ್ಟಿನಿಂದ ಬರುವ ಸಮಸ್ಯೆ ಇರಬಹುದೆಂದು 20ನೇ ಶತಮಾನದ ವೈದ್ಯರು ಊಹಿಸಿದರು. ಇವುಗಳಲ್ಲಿ ಕೀಲು, ಚರ್ಮ, ರಕ್ತನಾಳಗಳನ್ನು ಹಿಡಿದಿಡುವ ಅಂಗಾಂಶ ದುರ್ಬಲವಾಗಿರುತ್ತದೆ. ಪಗನಿನಿಯವರ ವಿಷಯದಲ್ಲಿ ಇದು ಸಾಬೀತಾಗಿಲ್ಲ.

ಅವರನ್ನು ಹಿಂಡಿದ್ದು ಕಾಯಿಲೆಗಳ ಜೊತೆಗೆ ಆ ಕಾಲದ ಚಿಕಿತ್ಸೆ. ಸಿಫಿಲಿಸ್ ಶಂಕೆಯಿಂದ ವೈದ್ಯರು ಪಾದರಸ ಕೊಟ್ಟರು. ಹಲ್ಲುಗಳು ಹೋದವು. ಕೊನೆಗೆ ದನಿಯೂ ಹೋಗಿ, ಮಗ ಅಕಿಲೆ ತುಟಿಯ ಚಲನೆ ನೋಡಿ ಅಪ್ಪನ ಮಾತು ತಿಳಿಸುತ್ತಿದ್ದ. 1840ರಲ್ಲಿ ನೀಸ್‌ನಲ್ಲಿ ತೀರಿಕೊಂಡಾಗ ಅಂತಿಮ ವಿಧಿ ಪಡೆದಿರಲಿಲ್ಲವೆಂದು ಚರ್ಚ್ ಸಮಾಧಿಗೆ ಜಾಗ ಕೊಡಲಿಲ್ಲ. ದೇಹ ಊರೂರು ಅಲೆಯಿತು. ಪಾರ್ಮಾದ ಸ್ಮಶಾನ ಸೇರಿದ್ದು 1876ರಲ್ಲಿ.

ಇಂದು ಏನು ಮಾಡಬಹುದು? ಕೀಲು ಹೆಚ್ಚು ಬಾಗುವವರಲ್ಲಿ ಅನೇಕರಿಗೆ ತೊಂದರೆಯೇ ಇರುವುದಿಲ್ಲ. ಆದರೆ ಕೀಲು ಪದೇ ಪದೇ ಜಾರುವುದು, ದಿನವೂ ನೋವು, ಬಿಡದ ಆಯಾಸ ಇದ್ದರೆ ವೈದ್ಯರನ್ನು ಕಾಣಿ. ಬೇರಿನಿಂದ ಗುಣಪಡಿಸುವ ಮಾತ್ರೆ ಇಲ್ಲ. ಫಿಸಿಯೋಥೆರಪಿಸ್ಟ್ ಹೇಳಿಕೊಡುವ ನಿಧಾನದ ವ್ಯಾಯಾಮದಿಂದ ಸ್ನಾಯು ಬಲಗೊಂಡರೆ ಕೀಲಿಗೆ ಆಸರೆ ಸಿಗುತ್ತದೆ. ಕೆಲಸದ ನಡುವೆ ವಿಶ್ರಾಂತಿ ಇರಲಿ. ಬೆರಳು ಹಿಂದಕ್ಕೆ ಬಗ್ಗಿಸಿ ತೋರಿಸುವ ಆಟ ಬಿಡಿ. ಮಾರ್ಫಾನ್ ಶಂಕೆ ಇದ್ದರೆ ಹೃದಯದ ಎಕೋ ಪರೀಕ್ಷೆ ತಪ್ಪಿಸಬೇಡಿ. ಅದರಲ್ಲಿ ಮಹಾಧಮನಿ ಹಿಗ್ಗುವ ಅಪಾಯವಿದೆ.